ಹಣ ಪಡೆದವರೇ ಹೊಣೆ ಹೊರಬೇಕು

ಅಂತರ್ಜಾಲದ ಮಧ್ಯವರ್ತಿ ತಾಣಗಳಲ್ಲಿ ಕೊಠಡಿ ಕಾಯ್ದಿರಿಸಿ, ಪೂರ್ತಿ ಹಣವನ್ನು ಮುಂಗಡವಾಗಿ ತೆತ್ತು, ಮಕ್ಕಳು ಹಿರಿಯರೊಂದಿಗೆ ಹೊಟೇಲಿನ ಬಾಗಿಲಿಗೆ ಬಂದು ನಿಂತವರಿಗೆ 'ನಿಮ್ಮ ಹೆಸರಿನಲ್ಲಿ ರೂಮ್ ಇಲ್ಲ' ಎಂಬ ಉತ್ತರ ಸಿಗುವುದು ದೇಶದ ಯಾವ ಪ್ರವಾಸಿ ಊರಿಗೂ ಹೊಸತಲ್ಲ. ಚಿತ್ರದಲ್ಲಿ ಕಂಡ ಕೊಠಡಿಯೊಂದು, ಕೈಗೆ ಸಿಕ್ಕ ಕೊಠಡಿ ಇನ್ನೊಂದು; ಮೊದಲ ಪುಟದಲ್ಲಿ ತೋರಿದ ಬಾಡಿಗೆಯೊಂದು, ಹಣ ಕಟ್ಟುವ ಪುಟದಲ್ಲಿ ಬೆಳೆದು ನಿಂತ ಮೊತ್ತ ಇನ್ನೊಂದು; ರದ್ದು ಮಾಡಿದ ಮೇಲೆ ಮರಳಬೇಕಾದ ಹಣ ತಿಂಗಳುಗಟ್ಟಲೆ ಮರಳದಿರುವುದು ಮತ್ತೊಂದು. ಈ ದೂರುಗಳನ್ನು ಇಲ್ಲಿ ಪುನಃ ಪಟ್ಟಿಮಾಡುವ ಅಗತ್ಯವಿಲ್ಲ. ಓದುಗರಲ್ಲಿ ಅನೇಕರು ಇವನ್ನು ಸ್ವತಃ ಉಂಡವರೇ. ವಿಚಾರಿಸಬೇಕಾಗಿರುವುದು ದೂರು ನಿಜವೇ ಎಂಬುದನ್ನಲ್ಲ, ಅದರ ಹೊಣೆ ಯಾರದು ಎಂಬುದನ್ನು. ಈ ಪ್ರಶ್ನೆಗೆ ಇಷ್ಟು ವರ್ಷ ಎಲ್ಲರೂ ಇನ್ನೊಬ್ಬರತ್ತ ಬೆರಳು ತೋರಿದ್ದಾರೆ, ಮತ್ತು ತೋರಿಸುತ್ತಲೇ ಇರುವುದಕ್ಕೆ ವ್ಯವಸ್ಥೆಯೇ ಅವಕಾಶ ಮಾಡಿಕೊಟ್ಟಿದೆ.

ರಾಮನಗರ ಸೀಮೆಗೆ ಇದು ದೂರದ ಊರಿನ ಸಮಸ್ಯೆಯಲ್ಲ. 'ಶೋಲೆ' ಚಿತ್ರದ ಬಂಡೆಗಳನ್ನು ನೋಡಲು, ರಾಮದೇವರ ಬೆಟ್ಟದ ರಣಹದ್ದು ಧಾಮವನ್ನು ಕಾಣಲು, ಸಾವನದುರ್ಗದ ಏಕಶಿಲೆಯನ್ನು ಏರಲು, ಸಂಗಮ–ಮೇಕೆದಾಟುವಿನ ನೀರಿನ ಅಂಚಿಗೆ ಇಳಿಯಲು, ಎಚ್.ಎಲ್. ನಾಗೇಗೌಡರು 1994ರಲ್ಲಿ ತೆರೆದ ಜಾನಪದ ಲೋಕದಲ್ಲಿ ಒಂದು ದಿನ ಕಳೆಯಲು, 2005ರಿಂದ ಬಿಡದಿಯಲ್ಲಿರುವ ವಂಡರ್‌ಲಾದಲ್ಲಿ ಮಕ್ಕಳನ್ನು ಆಡಿಸಲು ಬರುವವರ ಆಶ್ರಯದಲ್ಲಿ ಇಲ್ಲಿನ ನೂರಾರು ಸಂಸಾರಗಳು ಬದುಕುತ್ತಿವೆ. ಕೊಠಡಿ ಸ್ವಚ್ಛಗೊಳಿಸುವ ಹೆಣ್ಣುಮಗಳು, ರಾತ್ರಿ ಪಾಳಿಯ ಕಾವಲುಗಾರ, ಬೆಳಗಿನ ತಟ್ಟೆ ಇಡ್ಲಿಯ ಅಂಗಡಿಯಾತ, ಬೆಟ್ಟ ಹತ್ತಿಸುವ ಹುಡುಗ, ಚನ್ನಪಟ್ಟಣದ ಬಣ್ಣದ ಬೊಂಬೆ ಮಾರುವವರು ಇವರೆಲ್ಲರ ದುಡಿಮೆಯೂ ಬಂದವರು ಒಂದು ರಾತ್ರಿ ಇಲ್ಲಿ ಉಳಿಯುವುದನ್ನು ಅವಲಂಬಿಸಿದೆ. ಅತಿಥಿ ಕಹಿ ಉಂಡು ಹಿಂದಿರುಗಿದರೆ ಆ ಕಹಿ ತಾಣದ ಹೆಸರಿಗೆ ಅಂಟುವುದಿಲ್ಲ, ಊರಿನ ಹೆಸರಿಗೆ ಅಂಟುತ್ತದೆ.

ಒಂದು ಬದಲಾವಣೆಯನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಗುವವರೆಗೆ ಹಳೆಯ ರಸ್ತೆಯ ಪಕ್ಕದ ಲಾಡ್ಜಿಗೆ ರಸ್ತೆಯೇ ಜಾಹೀರಾತಾಗಿತ್ತು. ಪ್ರಯಾಣಿಕನು ಫಲಕವನ್ನು ನೋಡುತ್ತಿದ್ದ, ಗಾಡಿ ನಿಲ್ಲಿಸುತ್ತಿದ್ದ, ಒಳಗೆ ಬಂದು ಕೊಠಡಿಯನ್ನು ಕಣ್ಣಾರೆ ನೋಡಿ, ದರ ಮಾತಾಡಿ, ಗಲ್ಲಾದಲ್ಲಿ ಹಣ ಕೊಟ್ಟು ಬೀಗದ ಕೈ ಪಡೆಯುತ್ತಿದ್ದ. ಬೈಪಾಸು ಬಂದ ಮೇಲೆ ಗಾಡಿಗಳು ರಾಮನಗರವನ್ನೂ ಚನ್ನಪಟ್ಟಣವನ್ನೂ ತಾಕದೆ ದಾಟಿಹೋಗುತ್ತಿವೆ. ಫಲಕ ಕಾಣದ ಪ್ರಯಾಣಿಕನಿಗೆ ಈಗ ಕಾಣುವುದು ಮೊಬೈಲಿನ ಪರದೆಯೊಂದೇ. ಆ ಪರದೆಯಲ್ಲಿ ಯಾರು ಮೇಲೆ, ಯಾರು ಕೆಳಗೆ, ಯಾರು ಕಾಣುವುದೇ ಇಲ್ಲ ಎಂಬುದನ್ನು ನಿರ್ಧರಿಸುವವರು ರಾಮನಗರದಲ್ಲಿಲ್ಲ. ರಸ್ತೆ ಕಳೆದುಕೊಂಡ ಸಣ್ಣ ಮಾಲೀಕನು ತನ್ನ ಗಿರಾಕಿಯನ್ನು ಈಗ ಕಮಿಷನ್ ತೆತ್ತು ಮರಳಿ ಕೊಳ್ಳಬೇಕಾಗಿದೆ. ಈ ಅವಲಂಬನೆಯನ್ನು ಅರ್ಥಮಾಡಿಕೊಳ್ಳದೆ ಮುಂದಿನ ಯಾವ ಮಾತೂ ಪೂರ್ಣವಾಗದು.

ವ್ಯವಹಾರದ ಒಳಗನ್ನು ನೋಡೋಣ. ಅತಿಥಿ ಹಣ ಕಟ್ಟುವುದು ತಾಣಕ್ಕೆ. ರಸೀತಿ ಬರುವುದು ತಾಣದಿಂದ. 'ಬುಕಿಂಗ್ ಖಚಿತ' ಎಂಬ ಸಂದೇಶವನ್ನು ಕಳಿಸುವುದೂ ತಾಣವೇ. ಆದರೆ ಕೊಠಡಿ ಇರುವುದು ಹೊಟೇಲಿನವರ ಕೈಯಲ್ಲಿ. ಹಣ ಹೊಟೇಲಿಗೆ ತಲುಪುವುದು ಅನೇಕ ಬಾರಿ ಅತಿಥಿ ಬಂದು ಉಳಿದು ಹೋದ ನಂತರ, ಕಮಿಷನ್ ಕಳೆದು. ಕೆಲವೊಮ್ಮೆ ಇವರಿಬ್ಬರ ನಡುವೆ ಮೂರನೆಯ, ನಾಲ್ಕನೆಯ ಕೈಯೂ ಇರುತ್ತದೆ: ಸಗಟಾಗಿ ಕೊಠಡಿ ಪಡೆದ ಒಬ್ಬ ವ್ಯಾಪಾರಿ ಇನ್ನೊಂದು ತಾಣಕ್ಕೆ ಅದನ್ನು ದಾಟಿಸುತ್ತಾನೆ, ಅತಿಥಿಯ ಕೈಯಲ್ಲಿರುವ ವೋಚರಿನ ಸಂಖ್ಯೆ ಹೊಟೇಲಿನ ಪುಸ್ತಕದಲ್ಲಿ ಎಲ್ಲಿಯೂ ಇರುವುದಿಲ್ಲ. ಹತ್ತೋ ಹನ್ನೆರಡೋ ಕೊಠಡಿಗಳ ಲಾಡ್ಜು ಅದೇ ಕೊಠಡಿಗಳನ್ನು ಮೂರು ನಾಲ್ಕು ತಾಣಗಳಲ್ಲಿ ಒಟ್ಟಿಗೆ ಮಾರಾಟಕ್ಕಿಟ್ಟಿರುತ್ತದೆ. ಒಂದರಲ್ಲಿ ತುಂಬಿದ್ದನ್ನು ಉಳಿದವುಗಳಲ್ಲಿ ತಕ್ಷಣ ತೆಗೆಯುವ ತಂತ್ರಾಂಶ ಅದಕ್ಕೆ ಇರುವುದಿಲ್ಲ, ಇದ್ದರೂ ಶನಿವಾರ ಸಂಜೆಯ ಗದ್ದಲದಲ್ಲಿ ಅದನ್ನು ನೋಡುವವರು ಇರುವುದಿಲ್ಲ. ಒಂದೇ ಕೊಠಡಿ ಇಬ್ಬರಿಗೆ ಮಾರಾಟವಾಗುವುದು ಹೀಗೆ.

ಅನಂತರದ್ದು ಇನ್ನೂ ಕಠಿಣ. ಹೊಟೇಲಿನವರು 'ಹಣ ನಮಗೆ ಬಂದಿಲ್ಲ, ತಾಣವನ್ನು ಕೇಳಿ' ಎನ್ನುತ್ತಾರೆ. ತಾಣದ ಕಸ್ಟಮರ್ ಕೇರ್ 'ಹೊಟೇಲು ಒಪ್ಪಿದರೆ ಮಾತ್ರ ಹಣ ಮರಳಿಸಬಹುದು' ಎನ್ನುತ್ತದೆ. ಇಬ್ಬರ ಮಾತೂ ಅವರವರ ಕರಾರಿನ ಪ್ರಕಾರ ಸರಿಯೇ ಇರಬಹುದು. ಆದರೆ ಆ ಕರಾರು ಅತಿಥಿಯೊಡನೆ ಆದುದಲ್ಲ. ಅವನು ಅದನ್ನು ನೋಡಿಲ್ಲ, ನೋಡುವ ಹಕ್ಕೂ ಅವನಿಗಿಲ್ಲ. ರಾತ್ರಿ ಹತ್ತರ ಮೇಲೆ ಕನಕಪುರ ದಾಟಿದ ಕಾಡಂಚಿನ ದಾರಿಯಲ್ಲಿ ಬೇರೆ ಕೊಠಡಿ ಹುಡುಕಿ ಹೊರಡುವ ಕುಟುಂಬಕ್ಕೆ ಈ ಸೂಕ್ಷ್ಮ ಕಾನೂನು ವಿವೇಚನೆಯಿಂದ ಆಗುವ ಉಪಕಾರ ಯಾವುದು? ಹಣ ಕೊಟ್ಟವನಿಗೂ ಕೊಠಡಿ ಕೊಡಬೇಕಾದವನಿಗೂ ನಡುವೆ ನಿಂತವನು ಲಾಭದಲ್ಲಿ ಪಾಲುದಾರನಾಗಿ, ನಷ್ಟದ ಹೊತ್ತಿಗೆ ಬರಿಯ ಸಂದೇಶವಾಹಕನಾಗುವುದನ್ನು ಯಾವ ನ್ಯಾಯವೂ ಒಪ್ಪದು.

ನೆರೆಯ ಕೇರಳದ ಎರ್ನಾಕುಳಂ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗ ಇದನ್ನು ಒಪ್ಪಲಿಲ್ಲ. ಓಯೋ ಮೂಲಕ ಹಣ ಕಟ್ಟಿ ಕೊಲ್ಲಂನ ಹೊಟೇಲಿಗೆ ರಾತ್ರಿ ಬಂದ ಕುಟುಂಬವೊಂದಕ್ಕೆ, ಪ್ರತಿ ಕೊಠಡಿಗೂ ಹೆಚ್ಚಿನ ಹಣ ಕೊಟ್ಟರೆ ಮಾತ್ರ ಪ್ರವೇಶ ಎಂದು ಹೇಳಿದ ಪ್ರಕರಣದಲ್ಲಿ, ಆಯೋಗವು ತಾಣವನ್ನೂ ಹೊಟೇಲನ್ನೂ ಒಟ್ಟಾಗಿ ಹೊಣೆಮಾಡಿ 1 ಲಕ್ಷ ರೂಪಾಯಿ ಪರಿಹಾರ ಹಾಗೂ 10 ಸಾವಿರ ರೂಪಾಯಿ ವೆಚ್ಚ ನೀಡುವಂತೆ ಆದೇಶಿಸಿತು. ಮೊತ್ತ ದೊಡ್ಡದಲ್ಲ. ದೊಡ್ಡದಾಗಿರುವುದು ಅದರ ಹಿಂದಿನ ತತ್ತ್ವ: ನಡುವಿನವನು ಹೊಣೆಯಿಂದ ಜಾರಿಕೊಳ್ಳಲಾರ. ಆದರೆ ಇಂಥ ತೀರ್ಪಿನವರೆಗೆ ಹೋಗುವ ತಾಳ್ಮೆ, ಸಮಯ, ತಿಳಿವಳಿಕೆ ಎಷ್ಟು ಜನರಿಗಿದೆ? ಎರಡು ಸಾವಿರ ರೂಪಾಯಿ ಕಳೆದುಕೊಂಡವನು ಎರಡು ವರ್ಷ ಅಲೆಯಲಾರ ಎಂಬುದು ಲೆಕ್ಕ ಬಲ್ಲವರಿಗೆ ಚೆನ್ನಾಗಿ ಗೊತ್ತು. ಲಾಕ್‌ಡೌನ್ ಕಾಲದಲ್ಲಿ ರದ್ದಾದ ವಿಮಾನ ಟಿಕೆಟುಗಳ ಹಣವನ್ನು ಮರಳಿಸುವಂತೆ ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್‌ನಲ್ಲಿ ಆದೇಶಿಸಿದ ಮೇಲೂ, 'ಯಾತ್ರಾ' ಎಂಬ ಬುಕಿಂಗ್ ತಾಣವು 4,837 ಬುಕಿಂಗ್‌ಗಳ 2.52 ಕೋಟಿ ರೂಪಾಯಿಯನ್ನು ಇನ್ನೂ ಕೊಡದೆ ಉಳಿಸಿಕೊಂಡಿದೆ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಜೂನ್‌ನಲ್ಲಿ ಮತ್ತೆ ಆದೇಶ ಹೊರಡಿಸಬೇಕಾಯಿತು. ದೇಶದ ಅತ್ಯುನ್ನತ ನ್ಯಾಯಾಲಯದ ಮಾತು ಕಾರ್ಯವಾಗಲು ಇಷ್ಟು ವರ್ಷ ಹಿಡಿದರೆ, ಮಾಗಡಿಯ ಒಬ್ಬ ಉಪಾಧ್ಯಾಯರ ದೂರಿಗೆ ಎಷ್ಟು ಹಿಡಿದೀತು?

ಹೊಟೇಲು ಮಾಲೀಕರ ಪಾಡನ್ನೂ ಅಷ್ಟೇ ಪ್ರಾಮಾಣಿಕವಾಗಿ ನೋಡಬೇಕು. 2,000 ರೂಪಾಯಿ ಬಾಡಿಗೆಯ ಮೇಲೆ ಶೇ 20ರ ಕಮಿಷನ್ ಎಂದು ಇಟ್ಟುಕೊಂಡರೆ 400 ರೂಪಾಯಿ ತಾಣಕ್ಕೆ ಹೋಗುತ್ತದೆ; ಆ ಕಮಿಷನ್ ಮೇಲಿನ ಶೇ 18ರ ಜಿಎಸ್‌ಟಿ 72 ರೂಪಾಯಿ. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ಕೊಠಡಿಗಳ ತೆರಿಗೆಯನ್ನು ಶೇ 5ಕ್ಕೆ ಇಳಿಸಿದ್ದು ಅತಿಥಿಗೆ ಒಳಿತೇ. ಆದರೆ ಹೂಡುವಳಿ ತೆರಿಗೆಯನ್ನು ಮರಳಿ ಪಡೆಯುವ ಅವಕಾಶ ಅದರೊಂದಿಗೆ ಹೋದುದರಿಂದ ಆ 72 ರೂಪಾಯಿಯೂ ಮಾಲೀಕನ ತಲೆಯ ಮೇಲೆಯೇ ಬೀಳುತ್ತದೆ. ಪಟ್ಟಿಯಲ್ಲಿ ಮೇಲೆ ಕಾಣಿಸಿಕೊಳ್ಳಲು ಕೊಡುವ ಹಣ, ತಾಣ ಘೋಷಿಸುವ ರಿಯಾಯಿತಿಯಲ್ಲಿ ಹೊರಬೇಕಾದ ಪಾಲು ಇವು ಬೇರೆ. ಉಳಿದುದರಲ್ಲಿ ಹಾಸಿಗೆಯ ಬಟ್ಟೆ ಒಗೆಯಬೇಕು, ಸಂಬಳ ಕೊಡಬೇಕು, ವಿದ್ಯುತ್ ಬಿಲ್ ಕಟ್ಟಬೇಕು. ಹೀಗಿರುವಾಗ ತನ್ನ ಗಲ್ಲಾಕ್ಕೆ ನೇರವಾಗಿ ಬಂದವನಿಗೆ ನೂರಿನ್ನೂರು ಕಡಿಮೆ ಮಾಡಿ ಕೊಡೋಣವೆಂದರೆ, ತಾಣದಲ್ಲಿರುವ ದರಕ್ಕಿಂತ ಕಡಿಮೆಗೆ ಬೇರೆಲ್ಲೂ ಮಾರಕೂಡದು ಎಂಬ ಕರಾರು ಅಡ್ಡ ಬರುತ್ತದೆ. ತನ್ನ ಮನೆಯ ಬಾಗಿಲಲ್ಲಿ ತನ್ನ ವಸ್ತುವಿಗೆ ಬೆಲೆ ಕಟ್ಟುವ ಸ್ವಾತಂತ್ರ್ಯವನ್ನೂ ಒಪ್ಪಿಸಿ ಪಡೆಯಬೇಕಾದ ಗಿರಾಕಿ ಇದು.

ಈ ಕರಾರು ನ್ಯಾಯವಲ್ಲವೆಂದು ಹೇಳಿದ್ದು ಪತ್ರಿಕೆಯಲ್ಲ, ಭಾರತೀಯ ಸ್ಪರ್ಧಾ ಆಯೋಗ. ಹೊಟೇಲು ಮಾಲೀಕರ ರಾಷ್ಟ್ರೀಯ ಒಕ್ಕೂಟದ ದೂರಿನ ಮೇಲೆ 2019ರಲ್ಲಿ ತನಿಖೆಗೆ ಆದೇಶಿಸಿದ ಆಯೋಗ, 2022ರ ಅಕ್ಟೋಬರ್ 19ರಂದು ಮೇಕ್‌ಮೈಟ್ರಿಪ್–ಗೋಐಬಿಬೊ ಸಮೂಹಕ್ಕೆ 223.48 ಕೋಟಿ ರೂಪಾಯಿ, ಓಯೋಗೆ 168.88 ಕೋಟಿ ರೂಪಾಯಿ ದಂಡ ವಿಧಿಸಿತು. ದರ ಮತ್ತು ಕೊಠಡಿ ಲಭ್ಯತೆಯ ಮೇಲಿನ ನಿರ್ಬಂಧಗಳನ್ನು ಕರಾರುಗಳಿಂದ ತೆಗೆಯುವಂತೆ ಮೇಕ್‌ಮೈಟ್ರಿಪ್ ಸಮೂಹಕ್ಕೆ ಸೂಚಿಸಿತು. ಆ ಆದೇಶದಲ್ಲಿ ಇನ್ನೊಂದು ನಿರ್ದೇಶನವಿತ್ತು, ಅದು ದಂಡದ ಮೊತ್ತಕ್ಕಿಂತ ಮುಖ್ಯವಾದುದೆಂದು ನಾವು ಭಾವಿಸುತ್ತೇವೆ: ಒಂದು ಹೊಟೇಲು ತಾಣದಲ್ಲಿ ಸಿಗದಿದ್ದರೆ, ಅದರೊಡನೆ ಒಪ್ಪಂದ ಮುಗಿದುದರಿಂದಲೋ ಅಥವಾ ತಾಣಕ್ಕೆ ಕೊಟ್ಟ ಕೊಠಡಿಗಳು ಮುಗಿದುದರಿಂದಲೋ ಎಂಬುದನ್ನು ಗ್ರಾಹಕನಿಗೆ ಸ್ಪಷ್ಟವಾಗಿ ತಿಳಿಸಬೇಕು. ಖಾಲಿ ಕೊಠಡಿಗಳನ್ನಿಟ್ಟುಕೊಂಡು ಕುಳಿತ ಹೊಟೇಲನ್ನು ಪರದೆಯ ಮೇಲೆ ತುಂಬಿದೆ ಎಂದು ತೋರಿಸಿದರೆ ಆ ಮಾಲೀಕನಿಗೆ ತನ್ನ ವ್ಯಾಪಾರ ಸತ್ತದ್ದೇ ತಿಳಿಯುವುದಿಲ್ಲ. ಬಂದವನಿಗೆ ತಾನು ವಂಚಿತನಾದದ್ದೂ ತಿಳಿಯುವುದಿಲ್ಲ. ಕಂಪನಿಗಳು ಮೇಲ್ಮನವಿ ಹೂಡಿದವು, ಅದು ಅವುಗಳ ಹಕ್ಕು. ಆದರೆ ಹಕ್ಕಿನ ದೀರ್ಘ ವಿಚಾರಣೆ ನಡೆಯುತ್ತಿರುವಷ್ಟು ಕಾಲವೂ ಸಣ್ಣ ಮಾಲೀಕನು ಬಾಡಿಗೆ, ಬಡ್ಡಿ, ಸಂಬಳಗಳನ್ನು ಕಟ್ಟುತ್ತಲೇ ಇರಬೇಕಲ್ಲ.

ಇಷ್ಟು ಹೇಳಿದ ಮೇಲೆ ಮಾಲೀಕರ ದೋಷವನ್ನು ಮುಚ್ಚಿಡುವುದು ಪಕ್ಷಪಾತವಾದೀತು. ವಾರಾಂತ್ಯದಲ್ಲಿ ಹೆಚ್ಚು ಹಣ ಕೊಡುವವನು ಬಾಗಿಲಿಗೆ ಬಂದಾಗ, ಕಡಿಮೆ ದರದಲ್ಲಿ ಮುಂಚಿತವಾಗಿ ಕಾಯ್ದಿರಿಸಿದವನನ್ನು ಏನಾದರೊಂದು ನೆಪ ಹೇಳಿ ಸಾಗಹಾಕುವ ಪರಿಪಾಠ ಕೆಲವರಲ್ಲಿದೆ. ಗೃಹ ಪ್ರವೇಶದ ವರ್ಷ ತೆಗೆಸಿದ ಚಿತ್ರವನ್ನೇ ಬಣ್ಣ ಉದುರಿದ ಮೇಲೂ ತೋರಿಸುವವರಿದ್ದಾರೆ. ಬಿಸಿನೀರು, ಜನರೇಟರ್, ವಾಹನ ನಿಲುಗಡೆ ಇಲ್ಲದಿದ್ದರೂ ಇದೆ ಎಂದು ಗುರುತು ಹಾಕುವವರಿದ್ದಾರೆ. ದಂಪತಿಯ ಗುರುತಿನ ಚೀಟಿಯ ಬಗ್ಗೆ ತಾಣದಲ್ಲಿ ಒಂದು ನಿಯಮ ಹೇಳಿ ಬಾಗಿಲಲ್ಲಿ ಇನ್ನೊಂದು ಹೇಳುವವರಿದ್ದಾರೆ. ತಾಣದಿಂದ ತಮಗಾದ ಅನ್ಯಾಯವನ್ನು ತಮ್ಮ ಅತಿಥಿಯ ಮೇಲೆ ತೀರಿಸಿಕೊಳ್ಳುವ ಅಧಿಕಾರವನ್ನು ಯಾರೂ ಅವರಿಗೆ ಕೊಟ್ಟಿಲ್ಲ. ಕಮಿಷನ್ ಹೆಚ್ಚಾಯಿತೆಂಬ ದುಃಖ ನಿಜ. ಅದರ ಪರಿಹಾರ ಅತಿಥಿಯ ಜೇಬಿನಲ್ಲಿಲ್ಲ.

ಕಾನೂನಿಲ್ಲವೇ ಎಂದರೆ, ಇದೆ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ (ಇ–ವಾಣಿಜ್ಯ) ನಿಯಮಗಳು ಪ್ರತಿ ತಾಣವೂ ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು, ದೂರು ಬಂದ 48 ಗಂಟೆಗಳಲ್ಲಿ ಸ್ವೀಕೃತಿ ನೀಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು ಎನ್ನುತ್ತವೆ. ತಾನೇ ಏಕಪಕ್ಷೀಯವಾಗಿ ರದ್ದು ಮಾಡಿದಾಗ ಅಂಥದೇ ಶುಲ್ಕವನ್ನು ತಾನೂ ಹೊರುವುದಾದರೆ ಮಾತ್ರ ಗ್ರಾಹಕನಿಂದ ರದ್ದತಿ ಶುಲ್ಕ ಪಡೆಯಬಹುದು ಎನ್ನುತ್ತವೆ. ಪಟ್ಟಿಯಲ್ಲಿ ಯಾರನ್ನು ಮೇಲಿಡಲಾಗಿದೆ, ಯಾವ ಮಾನದಂಡದಿಂದ ಎಂಬುದನ್ನು ಸರಳ ಭಾಷೆಯಲ್ಲಿ ವಿವರಿಸಬೇಕು ಎನ್ನುತ್ತವೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2023ರ ನವೆಂಬರ್ 30ರ ಮಾರ್ಗಸೂಚಿ ಗ್ರಾಹಕನನ್ನು ದಾರಿ ತಪ್ಪಿಸುವ 13 ಬಗೆಯ ತಂತ್ರಗಳನ್ನು ಹೆಸರಿಸಿ ನಿಷೇಧಿಸಿತು. ಎರಡೇ ಕೊಠಡಿ ಉಳಿದಿವೆ, ಇನ್ನೂ ಮೂವತ್ತು ಮಂದಿ ಇದನ್ನೇ ನೋಡುತ್ತಿದ್ದಾರೆ ಎಂಬ ಬಗೆಯ ಅವಸರ ಹುಟ್ಟಿಸುವ ಮಾತು ಆ ಮಾರ್ಗಸೂಚಿಯೇ ಕೊಟ್ಟಿರುವ ಉದಾಹರಣೆ. ಕೇಳದೆ ಸೇರಿಸುವ ವಿಮೆ, ಕೊನೆಯ ಪುಟದಲ್ಲಿ ಮಾತ್ರ ಕಾಣುವ ಶುಲ್ಕ ಇವೂ ಆ ಪಟ್ಟಿಯಲ್ಲಿವೆ. ನಿಯಮ ಬರೆದವರು ರೋಗವನ್ನು ಸರಿಯಾಗಿಯೇ ಗುರುತಿಸಿದ್ದಾರೆ. ಆದರೆ 2025ರ ಜೂನ್‌ನಲ್ಲಿ ಪ್ರಾಧಿಕಾರವು ತಾಣಗಳಿಗೆ ಹೇಳಿದ್ದೇನು? ಮೂರು ತಿಂಗಳಲ್ಲಿ ನಿಮ್ಮನ್ನು ನೀವೇ ಪರಿಶೀಲಿಸಿಕೊಳ್ಳಿ ಎಂದು. ಪರೀಕ್ಷೆ ಬರೆಯುವವನ ಕೈಗೇ ಅಂಕಪಟ್ಟಿ ಕೊಟ್ಟಂತಾಯಿತು ಇದು.

ಮಾರುಕಟ್ಟೆಯನ್ನು ನ್ಯಾಯವಾಗಿ ನಡೆಸುವುದು ಹೇಗೆಂದು ರಾಮನಗರಕ್ಕೆ ಹೊರಗಿನವರು ಕಲಿಸಬೇಕಾಗಿಲ್ಲ. ಏಷ್ಯಾದ ಅತಿ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆಗಳಲ್ಲೊಂದು ನಮ್ಮಲ್ಲಿದೆ. ಗೂಡು ತಂದ ರೈತನಿಗೂ ಕೊಳ್ಳುವ ರೀಲರಿಗೂ ನಡುವೆ ದಲ್ಲಾಳಿಯ ಮಾತೇ ಕಾನೂನಾಗಿದ್ದ ಕಾಲವಿತ್ತು; ತೂಕದಲ್ಲಿ ಮೋಸ, ಹಣದಲ್ಲಿ ಸಾಲ, ಬೆಲೆಯಲ್ಲಿ ಒಳಸಂಚು ಎಲ್ಲ ಇತ್ತು. 1959ರಲ್ಲಿ ರಾಜ್ಯ ಅದಕ್ಕೆ ಕಾಯ್ದೆ ಮಾಡಿತು. ಗೂಡು ಸರ್ಕಾರಿ ಮಾರುಕಟ್ಟೆಯಲ್ಲಿ, ಎಲ್ಲರೆದುರು ಹರಾಜಾಗಬೇಕೆಂದಾಯಿತು. ಮುಂದೆ ವಿದ್ಯುನ್ಮಾನ ತೂಕ, ವಿದ್ಯುನ್ಮಾನ ಹರಾಜು ಬಂದವು. ಬಂದ ಬೆಲೆ ಒಪ್ಪಿಗೆಯಾಗದಿದ್ದರೆ ಬೇಡವೆನ್ನುವ ಹಕ್ಕು ರೈತನಲ್ಲಿ ಉಳಿಯಿತು. ಕೊರತೆಗಳಿಲ್ಲವೆಂದಲ್ಲ, ಗೂಡಿನ ದರ ಕುಸಿದಾಗಲೆಲ್ಲ ರೈತರ ಅಸಮಾಧಾನ ನಾವು ಕಂಡಿದ್ದೇವೆ. ಆದರೂ ಅಲ್ಲಿ ಬೆಲೆ ಕಣ್ಣೆದುರು ತೀರ್ಮಾನವಾಗುತ್ತದೆ, ತಕ್ಕಡಿ ಸರ್ಕಾರದ್ದು, ತಕರಾರಿಗೆ ಅಲ್ಲೇ ಒಬ್ಬ ಅಧಿಕಾರಿ ಇದ್ದಾನೆ. ಒಂದು ಬುಟ್ಟಿ ಗೂಡಿಗೆ ಸಿಗುವ ಈ ರಕ್ಷಣೆ ಒಂದು ರಾತ್ರಿಯ ಕೊಠಡಿಗೆ ಸಿಗದಿರಲು ತಂತ್ರಜ್ಞಾನ ಕಾರಣವಲ್ಲ, ಇಚ್ಛಾಶಕ್ತಿಯ ಅಭಾವ ಕಾರಣ.

ಹೊರಗೂ ಇಚ್ಛಾಶಕ್ತಿಯ ಉದಾಹರಣೆಗಳಿವೆ. ಫ್ರಾನ್ಸ್ 2015ರಲ್ಲಿಯೇ ಕಾನೂನು ತಂದು, ದರ ನಿಗದಿಯ ಸ್ವಾತಂತ್ರ್ಯವನ್ನು ಹೊಟೇಲಿಗೆ ಮರಳಿಸಿತು. ಸ್ಪೇನಿನ ಸ್ಪರ್ಧಾ ಪ್ರಾಧಿಕಾರ ಹೊಟೇಲುಗಳ ಮೇಲಿನ ಇಂಥ ಷರತ್ತುಗಳಿಗಾಗಿ 2024ರ ಜುಲೈನಲ್ಲಿ ಬುಕಿಂಗ್ ಡಾಟ್ ಕಾಮ್ ಸಂಸ್ಥೆಗೆ 413 ದಶಲಕ್ಷ ಯೂರೋಗಳಷ್ಟು ದಂಡ ವಿಧಿಸಿತು.

ರಾಜ್ಯ ಸರ್ಕಾರ ಮತ್ತು ಜಿಲ್ಲಾಡಳಿತ 'ಇದು ಕೇಂದ್ರದ ವಿಷಯ' ಎಂದು ಕೈತೊಳೆದುಕೊಳ್ಳುವಂತಿಲ್ಲ. ಹೋಂಸ್ಟೇಗಳು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿತವಾಗಿರಬೇಕು. ಲಾಡ್ಜಿಗೆ ಸ್ಥಳೀಯ ಸಂಸ್ಥೆಯ ಪರವಾನಗಿ ಬೇಕು. ಬಂದವರ ವಿವರ ಪುಸ್ತಕದಲ್ಲಿರಬೇಕು. ಆದರೆ ತಾಣದ ಪುಟದಲ್ಲಿ ಆ ನೋಂದಣಿ ಸಂಖ್ಯೆಯನ್ನು ಕಾಣಿಸಲೇಬೇಕೆಂಬ ಒತ್ತಾಯವಿಲ್ಲದಿದ್ದರೆ, ತೋಟದ ನಡುವೆ ನಾಲ್ಕು ಕೊಠಡಿ ಕಟ್ಟಿ ಯಾವ ಪರವಾನಗಿಯೂ ಇಲ್ಲದೆ ಮಾರುವವನೂ ನಿಯಮದಂತೆ ನಡೆಯುವವನೂ ಪರದೆಯ ಮೇಲೆ ಸಮಾನರಾಗಿಬಿಡುತ್ತಾರೆ. ಅಗ್ನಿಶಮನ, ಕುಡಿಯುವ ನೀರು, ಹೆಣ್ಣುಮಕ್ಕಳ ಸುರಕ್ಷತೆ ಇವುಗಳಲ್ಲಿ ಯಾವುದನ್ನೂ ತಾಣದವರು ಬಂದು ನೋಡುವುದಿಲ್ಲ. ದುರಂತವಾದ ದಿನ ನೋಡಬೇಕಾಗಿದ್ದವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಉತ್ತರ ಇಂದೇ ಕೊಡಬೇಕು.

ವಿಳಾಸದ ಗೊಂದಲವೂ ಆಡಳಿತದ ಗಮನಕ್ಕೆ ಅರ್ಹ. ಬಿಡದಿಯ ರೆಸಾರ್ಟು, ಸಾವನದುರ್ಗದ ತೋಟದ ಮನೆ ತಾಣಗಳಲ್ಲಿ 'ಬೆಂಗಳೂರು' ಎಂದೇ ಮಾರಾಟವಾಗುತ್ತವೆ. ಕನಕಪುರ ರಸ್ತೆ ಎಂಬ ಹೆಸರು ಬನಶಂಕರಿಯಿಂದ ಹೊರಟು ಹಲವು ಹತ್ತು ಕಿಲೋಮೀಟರು ಚಾಚಿಕೊಂಡಿದೆ. ನಗರದ ಆಸ್ಪತ್ರೆಗೆ ರೋಗಿಯನ್ನು ಕರೆತಂದ ದೂರದೂರಿನ ಕುಟುಂಬ ಆ ಹೆಸರನ್ನು ನಂಬಿ ಕೊಠಡಿ ಹಿಡಿದರೆ, ಪ್ರತಿದಿನ ಆಸ್ಪತ್ರೆಗೂ ಕೊಠಡಿಗೂ ನಡುವೆ ಅಲೆಯಬೇಕಾಗುತ್ತದೆ. 2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ತೀರ್ಮಾನಿಸಿತು. ಆ ತೀರ್ಮಾನದ ಗುಣಾವಗುಣ ಬೇರೆ ಚರ್ಚೆ. ಆದರೆ ಹೊರರಾಜ್ಯದವರಿಗೆ ಬೆಂಗಳೂರು ದಕ್ಷಿಣವೆಂದರೆ ಜಯನಗರ, ಬಸವನಗುಡಿಗಳೇ ನೆನಪಾಗುತ್ತವೆ. ಊರಿನ ಹೆಸರು, ತಾಲ್ಲೂಕು, ಬೆಂಗಳೂರಿನ ನಿಲ್ದಾಣದಿಂದ ರಸ್ತೆಯ ಮೇಲಿನ ದೂರ ಇವನ್ನು ಸ್ಪಷ್ಟವಾಗಿ ನಮೂದಿಸುವಂತೆ ತಾಣಗಳನ್ನು ಕಟ್ಟುಪಾಡಿಗೆ ಒಳಪಡಿಸದಿದ್ದರೆ ಹೊಸ ಹೆಸರು ಹಳೆಯ ವಂಚನೆಗೆ ಅನುಕೂಲವಾಗುತ್ತದೆ.

ಗ್ರಾಹಕರು ತಮ್ಮ ಕೈಯಲ್ಲಿರುವುದನ್ನು ಬಳಸಬೇಕು. ಹಣ ಕಟ್ಟುವ ಮುನ್ನ ಹೊಟೇಲಿಗೇ ಒಂದು ಫೋನು ಮಾಡಿ ಕೇಳುವುದು, ನಕ್ಷೆಯಲ್ಲಿ ಕಂಡ ಫೋನ್ ಸಂಖ್ಯೆಯನ್ನು ಕುರುಡಾಗಿ ನಂಬದಿರುವುದು, ವಂಚನೆಯಾದ ಕ್ಷಣ 1930ಕ್ಕೆ, ಸೇವಾದೋಷವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವುದು ಅಗತ್ಯ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ತಾಣದ ಕಚೇರಿ ಗುರುಗ್ರಾಮದಲ್ಲಿದ್ದರೂ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದಾವೆ ಹೂಡಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಆದರೆ ಎಚ್ಚರದಿಂದಿರು ಎಂದು ಗ್ರಾಹಕನಿಗೆ ಹೇಳಿ ಮುಗಿಸುವುದು, ಎಚ್ಚರ ತಪ್ಪಿದ್ದೇ ಅವನ ಅಪರಾಧವೆಂದು ಒಪ್ಪಿಕೊಂಡಂತೆ. ನಂಬಿಕೆಯನ್ನು ಮಾರಿ ಲಾಭ ಗಳಿಸುವವರು ಗಿರಾಕಿ ನಂಬಿದ್ದೇ ತಪ್ಪೆಂದು ವಾದಿಸಲಾರರು.

ಆದ್ದರಿಂದ ನಮ್ಮ ತೀರ್ಪು ಇದು. ಗ್ರಾಹಕನಿಂದ ಹಣ ಪಡೆದು 'ಖಚಿತ' ಎಂದು ಸಂದೇಶ ಕಳಿಸಿದ ತಾಣವೇ ಮೊದಲ ಹೊಣೆಗಾರ. ಕೊಠಡಿ ಸಿಗದಿದ್ದರೆ ಅದೇ ರಾತ್ರಿ, ಅದೇ ದರ್ಜೆಯ ಅಥವಾ ಅದಕ್ಕಿಂತ ಮೇಲಿನ ಕೊಠಡಿಯನ್ನು ತನ್ನ ವೆಚ್ಚದಲ್ಲಿ ಒದಗಿಸುವುದು ಅದರ ಕರ್ತವ್ಯ. ಆ ಬಳಿಕ ತಪ್ಪು ಹೊಟೇಲಿನದಾಗಿದ್ದರೆ ಅವರಿಂದ ವಸೂಲು ಮಾಡಿಕೊಳ್ಳಲಿ, ಆ ಜಗಳದಲ್ಲಿ ಅತಿಥಿಗೆ ಪಾತ್ರವಿಲ್ಲ. ಇದನ್ನು ಸೌಜನ್ಯವೆಂದಲ್ಲ, ಶಾಸನಬದ್ಧ ಕರ್ತವ್ಯವೆಂದು ಇ–ವಾಣಿಜ್ಯ ನಿಯಮಗಳಲ್ಲಿ ಸೇರಿಸಬೇಕು. ಪರವಾನಗಿ ಸಂಖ್ಯೆಯಿಲ್ಲದ ಯಾವ ವಸತಿಯನ್ನೂ ತಾಣಗಳು ಮಾರದಂತೆ ರಾಜ್ಯ ಆದೇಶ ಹೊರಡಿಸಬೇಕು. ಜಿಲ್ಲಾಡಳಿತವು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಲ್ಲಿ ನೋಂದಾಯಿತವಾದ ಪ್ರತಿಯೊಂದು ಲಾಡ್ಜ್, ರೆಸಾರ್ಟ್, ಹೋಂಸ್ಟೇಯ ಹೆಸರು, ವಿಳಾಸ, ನೇರ ದೂರವಾಣಿ ಸಂಖ್ಯೆಯ ಪಟ್ಟಿಯನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸಿ, ಪ್ರತಿ ಮೂರು ತಿಂಗಳಿಗೊಮ್ಮೆ ಪರಿಷ್ಕರಿಸಬೇಕು. ಇದಕ್ಕೆ ಹೊಸ ಕಾಯ್ದೆ ಬೇಡ, ಕೋಟಿಗಳ ಅನುದಾನ ಬೇಡ. ಕಡತಗಳು ಈಗಾಗಲೇ ಕಚೇರಿಗಳಲ್ಲಿವೆ. ಬೇಸಿಗೆ ರಜೆಯ ಜನಸಂದಣಿ ಆರಂಭವಾಗುವುದಕ್ಕೆ ಮುನ್ನ ಅದು ಸಾರ್ವಜನಿಕರ ಮುಂದಿರಬೇಕು. ಇಲ್ಲದಿದ್ದರೆ ಏಕಿಲ್ಲವೆಂದು ಜಿಲ್ಲಾಧಿಕಾರಿಯವರೂ ಉಸ್ತುವಾರಿ ಸಚಿವರೂ ವಿವರಿಸಬೇಕು.